ಕೇಳಿದ್ದೂ ಓದಿದ ಲೆಕ್ಕವಾ? ಉತ್ತರ ಇಲ್ಲಿದೆ, ಇನ್ನು ಕೇಳಬೇಡಿ

"ಆ ಪುಸ್ತಕ ಓದಿದ್ರಾ, ಇಲ್ಲ ಬರೀ ಕೇಳಿದ್ರಾ?"

ಆಡಿಯೋಬುಕ್ ಅಂದ ಕೂಡಲೇ ಬರುವ ಪ್ರಶ್ನೆ ಇದೇ. ಆ 'ಬರೀ' ಬಿಟ್ಟು ಯಾರೂ ಕೇಳುವುದಿಲ್ಲ. ಕೇಳುವ ಧಾಟಿಯಂತೂ ಪರೀಕ್ಷೆಯಲ್ಲಿ ಕಾಪಿ ಹೊಡೆದವನನ್ನು ಹಿಡಿದ ಮೇಷ್ಟ್ರದ್ದು. ಉತ್ತರ: ಹೌದು, ಲೆಕ್ಕಕ್ಕೆ ಬರುತ್ತೆ. ಅಷ್ಟಕ್ಕೇ ಬಿಟ್ಟಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ, "ಆದ್ರೂ..." ಅಂತ ರಾಗ ಎಳೆಯುತ್ತಾರೆ. ಆ ರಾಗಕ್ಕೆ ಇದು ಉತ್ತರ. ಬೇಜಾರಾದರೆ ಆಗಲಿ.

ಮೊದಲು ಲೆಕ್ಕದ ವಿಷಯ ಮುಗಿಸೋಣ. ಧ್ವನಿಯಲ್ಲಿ ಪುಸ್ತಕ ಅನ್ನುವುದು ಜಿಮ್‌ಗೆ ಹೋಗುವವರಿಗೋಸ್ಕರ ಹುಟ್ಟಿದ್ದಲ್ಲ. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿ, ಮರುವರ್ಷ ಅದರ ಉಪಯೋಗಗಳ ಪಟ್ಟಿ ಕೊಟ್ಟಾಗಲೇ ಕಣ್ಣು ಕಾಣದವರಿಗೆ ಮಾತಾಡುವ ಪುಸ್ತಕ ಅನ್ನುವುದು ಅದರಲ್ಲಿತ್ತು. ಅದು ಕೈಗೂಡಿದ್ದು 1930ರ ದಶಕದಲ್ಲಿ. ಅಮೆರಿಕದಲ್ಲಿ ಶುರುವಾಯಿತು, 1935ರಲ್ಲಿ ಬ್ರಿಟನ್ನಿಗೆ ಬಂತು. ಬ್ರಿಟನ್ನಿನಲ್ಲಿ ಅದರ ಹಿಂದೆ ಬಿದ್ದವರು ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರ ಕಡೆಯವರು. ಕಾರಿನಲ್ಲಿ ಆಫೀಸಿಗೆ ಹೋಗುವವರಿಗೆ ಕ್ಯಾಸೆಟ್ ಬಾಡಿಗೆಗೆ ಕೊಡುವ 'ಬುಕ್ಸ್ ಆನ್ ಟೇಪ್' ಬಂದಿದ್ದು 1970ರ ದಶಕದ ನಡುವೆ. ಆಡಿಯೋಬುಕ್ ಮಾರುವ ಆಡಿಬಲ್ ಕಂಪನಿ ಶುರುವಾಗಿದ್ದು 1995ರಲ್ಲಿ, ಭಾರತಕ್ಕೆ ಕಾಲಿಟ್ಟಿದ್ದು 2018ರಲ್ಲಿ. ಅಂಧರಿಗೆ ಪುಸ್ತಕಗಳನ್ನು ಅವರು ಓದಬಲ್ಲ ರೂಪದಲ್ಲಿ ಒದಗಿಸುವ ಮರ್ರಾಕೇಶ್ ಒಪ್ಪಂದವನ್ನು ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು, 2014ರಲ್ಲಿ. ಪದವಿಯನ್ನೂ ಸ್ಪರ್ಧಾತ್ಮಕ ಪರೀಕ್ಷೆಯನ್ನೂ ಕಿವಿಯಿಂದಲೇ ಗೆದ್ದವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಅವರ ಮುಂದೆ ನಿಂತು "ನೀವು ಬರೀ ಕೇಳಿದ್ರಾ?" ಅಂತ ಕೇಳಿ ಬನ್ನಿ, ಆಮೇಲೆ ಮಾತಾಡೋಣ.

ಇಷ್ಟಕ್ಕೂ ಈ ಪ್ರಶ್ನೆ ಕನ್ನಡಿಗರ ಬಾಯಲ್ಲಿ ಬರುವುದೇ ತಮಾಷೆ. ಅಕ್ಷರ ಬಾರದವರೂ ಕುಮಾರವ್ಯಾಸನನ್ನು ಬಲ್ಲ ನಾಡು ಇದು. ಗಮಕದಲ್ಲಿ ಒಬ್ಬರು ವಾಚನ ಮಾಡಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಕಿವಿಗೆ ಜಾರಿದ್ದನ್ನು ವ್ಯಾಖ್ಯಾನಕಾರರು ಹಿಡಿದು, ಬಿಡಿಸಿ, ಮತ್ತೆ ಕೈಗಿಡುತ್ತಾರೆ. ಬರೀ ಕೇಳಿದರೆ ಕೆಲವು ಜಾರುತ್ತವೆ ಅಂತ ಆ ಕಲೆಗೆ ಮೊದಲೇ ಗೊತ್ತಿತ್ತು. ಆಡಿಯೋಬುಕ್ಕಿನಲ್ಲಿ ಆ ಎರಡನೆಯವರು ಇಲ್ಲ. ತಕರಾರು ಇದ್ದರೆ ಅಲ್ಲಿದೆ, ಲೆಕ್ಕದಲ್ಲಲ್ಲ.

"ಸಂಶೋಧನೆ ಏನು ಹೇಳುತ್ತೆ?" ಅನ್ನುವ ಜಾಣರಿಗೆ ಬೇಗ ಹೇಳಿಬಿಡುತ್ತೇನೆ. 2016ರ ಒಂದು ಅಧ್ಯಯನದಲ್ಲಿ ಒಂದೇ ಕಥೇತರ ಪುಸ್ತಕದ ಭಾಗವನ್ನು ಕೆಲವರಿಗೆ ಓದಲು, ಕೆಲವರಿಗೆ ಕೇಳಲು, ಕೆಲವರಿಗೆ ಎರಡನ್ನೂ ಒಟ್ಟಿಗೆ ಮಾಡಲು ಕೊಟ್ಟರು. ಆಗಲೇ ಪರೀಕ್ಷಿಸಿದರೂ, ಎರಡು ವಾರ ಬಿಟ್ಟು ಪರೀಕ್ಷಿಸಿದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2010ರ ಇನ್ನೊಂದರಲ್ಲಿ, ಪಾಠದ ಲೇಖನವನ್ನು ಪಾಡ್‌ಕಾಸ್ಟ್ ಆಗಿ ಕೇಳಿದ ಕಾಲೇಜು ವಿದ್ಯಾರ್ಥಿಗಳು ಓದಿದವರಿಗಿಂತ ಸಾಕಷ್ಟು ಹಿಂದೆ ಉಳಿದರು. 2022ರಲ್ಲಿ 46 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಒಟ್ಟಾರೆ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಓದುಗರು ತಮ್ಮದೇ ವೇಗದಲ್ಲಿ ಓದಿದಾಗ, ಬರೆದದ್ದರಿಂದ ಬರೆಯದ್ದನ್ನು ಊಹಿಸಬೇಕಾದಾಗ ಓದು ಮುಂದಿತ್ತು. ಅಂದರೆ ವೇಗದ ಲಗಾಮು ಯಾರ ಕೈಯಲ್ಲಿದೆ ಅನ್ನುವುದೇ ವಿಷಯ. ಕಣ್ಣು ನಿಮಗೇ ಗೊತ್ತಾಗದ ಹಾಗೆ ಅರ್ಧ ಸಾಲು ಹಿಂದೆ ಹೋಗಿ ಬರುತ್ತದೆ. ಕಿವಿಗೆ ಆ ಸೌಕರ್ಯವಿಲ್ಲ, ಬಟನ್ ಒತ್ತಬೇಕು. ಕೈಯಲ್ಲಿ ಪಾತ್ರೆ ತೊಳೆಯುವ ಸೋಪು ಇದ್ದರೆ ಯಾರು ಒತ್ತುತ್ತಾರೆ?

ಹಾಗಾಗಿ ಪ್ರಶ್ನೆ ಕೇಳಲೇಬೇಕು ಅಂತಿದ್ದರೆ ಹೀಗೆ ಕೇಳಿ: ಯಾವ ಥರದ ಪುಸ್ತಕ, ಎಷ್ಟು ವೇಗ, ಆಗ ಕೈಯಲ್ಲಿ ಯಾವ ಕೆಲಸ? ಇದಕ್ಕಾದರೆ ಗಂಟೆಗಟ್ಟಲೆ ಉತ್ತರ ಹೇಳಬಹುದು, ಆದರೆ ಯಾರೂ ಕೇಳುವುದಿಲ್ಲ.

ಬಿಸಿನೆಸ್ ಪುಸ್ತಕ ಕಿವಿಗೆ ಎಲ್ಲಕ್ಕಿಂತ ಸುಲಭ. ಕಾರಣ ಅಷ್ಟೇನೂ ಗೌರವದ್ದಲ್ಲ: ಇರುವುದು ಒಂದೋ ಎರಡೋ ವಿಚಾರ. ಪೀಠಿಕೆಯಲ್ಲಿ ಹೇಳುತ್ತಾರೆ, ಅಧ್ಯಾಯಕ್ಕೊಂದು ಕಂಪನಿಯ ಕಥೆ ಹಾಕಿ ಮತ್ತೆ ಹೇಳುತ್ತಾರೆ, ಅಧ್ಯಾಯದ ಕೊನೆಗೆ ಸಾರಾಂಶ ಅಂತ ಇನ್ನೊಮ್ಮೆ ಹೇಳುತ್ತಾರೆ. ಸಿಗ್ನಲ್‌ನಲ್ಲಿ ಹತ್ತು ನಿಮಿಷ ತಪ್ಪಿಹೋದರೂ ನಷ್ಟವಿಲ್ಲ. ಇಂಥದ್ದನ್ನು 1.5 ವೇಗದಲ್ಲಿ, ಅಂದರೆ ಸಾಮಾನ್ಯಕ್ಕಿಂತ ಒಂದೂವರೆ ಪಟ್ಟು ವೇಗದಲ್ಲಿ ಕೇಳಿ. ಇಂಗ್ಲಿಷ್ ಸ್ಟುಡಿಯೋಗಳ ಲೆಕ್ಕದಲ್ಲಿ ಒಂದು ಗಂಟೆ ಧ್ವನಿಗೆ ಸುಮಾರು 9,300 ಪದ. 90,000 ಪದಗಳ ಪುಸ್ತಕ ಅಂದರೆ ಹೆಚ್ಚುಕಡಿಮೆ 9 ಗಂಟೆ 40 ನಿಮಿಷ. ಅದು 1.5ರಲ್ಲಿ ಆರೂವರೆ ಗಂಟೆ, 2ರಲ್ಲಿ 4 ಗಂಟೆ 50 ನಿಮಿಷ, 2.5ರಲ್ಲಿ 3 ಗಂಟೆ 52 ನಿಮಿಷ. ಸಾಮಾನ್ಯ ವೇಗದಿಂದ 1.5ಕ್ಕೆ ಹೋದರೆ ಮೂರು ಗಂಟೆಗೂ ಹೆಚ್ಚು ಉಳಿಯುತ್ತದೆ, 2ರಿಂದ 2.5ಕ್ಕೆ ಹೋದರೆ ಒಂದು ಗಂಟೆಯೂ ಉಳಿಯುವುದಿಲ್ಲ. ಎರಡೂವರೆಯಲ್ಲಿ ಕೇಳುತ್ತೇನೆ ಅಂತ ಜಂಬ ಪಡುವವರು ಆ ಒಂದು ಗಂಟೆಗೋಸ್ಕರ ಅರ್ಧ ಪುಸ್ತಕ ಕಳೆದುಕೊಂಡಿರುತ್ತಾರೆ.

ಇಲ್ಲಿ ಕೈಕೊಡುವುದು ಅಂಕಿ ಮತ್ತು ಕೋಷ್ಟಕ. "ಜೊತೆಗಿರುವ ಪಿಡಿಎಫ್ ನೋಡಿ" ಅಂತ ನಿರೂಪಕರು ಗಂಭೀರವಾಗಿ ಹೇಳುತ್ತಾರೆ, ಯಾರೂ ನೋಡುವುದಿಲ್ಲ. ಶುರು ಮಾಡುವ ಮುಂಚೆಯೇ ಆ ಪಿಡಿಎಫ್ ಇಳಿಸಿಕೊಂಡು, ಮುಖ್ಯವಾದ ಎರಡು ಮೂರು ಚಿತ್ರಗಳ ಸ್ಕ್ರೀನ್‌ಶಾಟ್ ಗ್ಯಾಲರಿಯಲ್ಲಿ ಇಟ್ಟುಕೊಳ್ಳಿ. ಬ್ಯಾಲೆನ್ಸ್ ಶೀಟ್ ಓದುವುದು ಹೇಗೆ ಅನ್ನುವ ಥರದ ಪುಸ್ತಕವನ್ನು ಆಡಿಯೋದಲ್ಲಿ ಕೊಳ್ಳಲೇಬೇಡಿ, ದುಡ್ಡು ದಂಡ.

ಜೀವನಚರಿತ್ರೆಗೆ ಹೆಚ್ಚು ಹೇಳುವುದಿಲ್ಲ. ಒಬ್ಬರೇ ಮನುಷ್ಯ, ಹುಟ್ಟಿನಿಂದ ಸಾವಿನ ತನಕ, ಎಲ್ಲಿ ಕೈತಪ್ಪಿದರೂ ವಯಸ್ಸು ಹಿಡಿದು ಮತ್ತೆ ದಾರಿಗೆ ಬರಬಹುದು. 1.25 ಸಾಕು. ಮೊದಲ ಅಧ್ಯಾಯದ ಅಜ್ಜ ಮುತ್ತಜ್ಜಂದಿರ ವಂಶಾವಳಿಯಲ್ಲಿ ಬಹಳ ಜನ ಮುಗ್ಗರಿಸಿ ಬಿಟ್ಟುಬಿಡುತ್ತಾರೆ. ಅದನ್ನು ದಾಟಿಸಿ ಮುಂದೆ ಹೋಗಿ, ಬೇಕಾದರೆ ವಾಪಸು ಬರಬಹುದು. 'ಅನ್‌ಅಬ್ರಿಡ್ಜ್ಡ್' (ಕತ್ತರಿಸದ ಪೂರ್ತಿ ಪುಸ್ತಕ) ಅಂತ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಹರಕು ಪುಸ್ತಕಕ್ಕೆ ಪೂರ್ತಿ ಬೆಲೆ ಕೊಟ್ಟಂತೆ.

ಇತಿಹಾಸದ ವಿಷಯ ಬೇರೆ. 1565ರ ತಾಳಿಕೋಟೆ ಯುದ್ಧವನ್ನೇ ತಗೊಳ್ಳಿ. ಈ ಕಡೆ ವಿಜಯನಗರದ ಅಳಿಯ ರಾಮರಾಯ, ತಮ್ಮಂದಿರಾದ ತಿರುಮಲ, ವೆಂಕಟಾದ್ರಿ. ಆ ಕಡೆ ಬಿಜಾಪುರದ ಅಲಿ ಆದಿಲ್ ಶಾ, ಅಹಮದ್‌ನಗರದ ಹುಸೇನ್ ನಿಜಾಮ್ ಶಾ, ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ, ಬೀದರಿನ ಅಲಿ ಬರೀದ್ ಶಾ. ಪುಟದ ಮೇಲೆ ಎರಡು ಸಾಲಿನ ಮಾತು. 1.5 ವೇಗದಲ್ಲಿ ಕಿವಿಗೆ ಬೀಳುವುದು ಅಳಿಯ, ಅಲಿ, ಶಾ, ಶಾ, ಶಾ, ಅಲಿ, ಶಾ. ಇಂಗ್ಲಿಷ್ ನಿರೂಪಕರು ಓದಿದರಂತೂ ಅಳಿಯನೂ 'ಅಲಿಯಾ' ಆಗಿ ಎದುರು ಪಾಳೆಯ ಸೇರಿಬಿಡುತ್ತಾನೆ. ಸಾಲದ್ದಕ್ಕೆ ಒಬ್ಬ ಲೇಖಕರು ತಾಳಿಕೋಟೆ ಅಂದರೆ ಇನ್ನೊಬ್ಬರು ರಕ್ಕಸತಂಗಡಿ ಅನ್ನುತ್ತಾರೆ, ಮತ್ತೊಬ್ಬರು ಬನ್ನಿಹಟ್ಟಿ. ಒಂದೇ ಯುದ್ಧ ಕಿವಿಯಲ್ಲಿ ಮೂರಾಗುತ್ತದೆ.

ಇದಕ್ಕೆ ಮದ್ದು ಒಂದು ಹಾಳೆ ಕಾಗದ. ವಿಜಯನಗರದ ಪುಸ್ತಕವಾದರೆ ಶುರು ಮಾಡುವ ಮುಂಚೆ ಸಂಗಮ, ಸಾಳುವ, ತುಳುವ, ಅರವೀಡು ಅಂತ ನಾಲ್ಕು ರಾಜವಂಶಕ್ಕೆ ನಾಲ್ಕು ಕಂಬ ಎಳೆದು, ಪ್ರತಿಯೊಂದರ ಕೆಳಗೆ ಇಬ್ಬರು ಮೂವರು ಅರಸರನ್ನು ಇಸವಿ ಸಮೇತ ಬರೆಯಿರಿ. ಕೃಷ್ಣದೇವರಾಯ 1509ರಿಂದ 1529 ಅಂತ ಒಂದು ಗೂಟ ನೆಟ್ಟರೆ ಸಾಕು, ಹಿಂದೆ ಮುಂದೆ ಉಳಿದವರು ತಾವೇ ಸಾಲು ಹಿಡಿಯುತ್ತಾರೆ. ಹಾಳೆಯ ಫೋಟೋ ಫೋನಿನಲ್ಲಿರಲಿ, ಪಕ್ಕದಲ್ಲಿ ಒಂದು ನಕ್ಷೆ. ವೇಗ 1ರಿಂದ ಮೇಲೆ ಹೋಗಬೇಡಿ. ಮುಂದಿನ ಅಧ್ಯಾಯ ತಾನಾಗಿ ಶುರುವಾಗಲು ಬಿಡದೆ ನಿಲ್ಲಿಸಿ, ಯಾರು, ಯಾರ ಮೇಲೆ, ಯಾಕೆ ಹೋದರು, ಕೊನೆಗೆ ಏನಾಯಿತು ಅಂತ ಬಾಯಿಬಿಟ್ಟು ಹೇಳಿ ನೋಡಿ. ಬಸ್ಸಿನಲ್ಲಿದ್ದರೆ ಮನಸ್ಸಿನಲ್ಲೇ. ಗಮಕದ ಆ ಎರಡನೆಯವರ ಕೆಲಸ ಇದು, ಈಗ ನಿಮ್ಮ ಪಾಲಿಗೆ ಬಂದಿದೆ.

ನಡುವೆ ಬರುವ ಇನ್ನೊಂದು ದೂರು: "ಇಂಥದ್ದು ಕನ್ನಡದಲ್ಲಿ ಯಾಕೆ ಜಾಸ್ತಿ ಇಲ್ಲ?" ಮೈಲ್ಯಾಂಗ್‌ನಂಥವರು 2020ರಿಂದ ಕನ್ನಡ ಆಡಿಯೋ ಪುಸ್ತಕ ತರುತ್ತಿದ್ದಾರೆ, ಕೊಂಡಿದ್ದೀರಾ? ಕೇಳಲು ಸಿಗುವ ಒಂದು ಗಂಟೆಯ ಹಿಂದೆ ಸುಮಾರು ಆರು ಗಂಟೆ ದುಡಿಮೆ ಇರುತ್ತದೆ. ಓದಿ ರೆಕಾರ್ಡ್ ಮಾಡಲು ಎರಡು, ಕತ್ತರಿಸಿ ಜೋಡಿಸಲು ಮೂರು, ಪುಸ್ತಕ ಹಿಡಿದು ತಾಳೆ ನೋಡಲು ಒಂದು ಚಿಲ್ಲರೆ. ಯಾರೂ ಮಾತಾಡದಿದ್ದಾಗ ರೆಕಾರ್ಡಿಂಗ್‌ನಲ್ಲಿ ಕೋಣೆಯ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು ಅನ್ನುವುದು ದೊಡ್ಡ ವೇದಿಕೆಗಳ ನಿಯಮ. ಫ್ಯಾನ್ ಬಂದ್, ಫ್ರಿಜ್ ಬಂದ್, ಏಪ್ರಿಲ್ ತಿಂಗಳಲ್ಲಿ ಕಿಟಕಿಯೂ ಬಂದ್. ಇತಿಹಾಸವಾದರೆ ಇನ್ನೊಂದು ಕಾಟ: 1956 ಅನ್ನುವುದನ್ನು 'ಹತ್ತೊಂಬೈನೂರ ಐವತ್ತಾರು' ಅಂತ ಓದುವುದಾ, 'ಸಾವಿರದ ಒಂಬೈನೂರ ಐವತ್ತಾರು' ಅಂತಲಾ ಎಂದು ಮೊದಲ ದಿನವೇ ತೀರ್ಮಾನಿಸಬೇಕು. ನಡುವೆ ಬದಲಾದರೆ ಕೇಳುವವರು ಎಡವುತ್ತಾರೆ. ಇಷ್ಟೆಲ್ಲ ಆದಮೇಲೆ "ಯೂಟ್ಯೂಬ್‌ನಲ್ಲಿ ಫ್ರೀ ಸಿಗಲ್ವಾ?" ಅಂತೀರಿ.

ಕೊನೆಗೆ ಮನವೊಲಿಕೆಯ ಪುಸ್ತಕಗಳು: ಜನರನ್ನು ಒಪ್ಪಿಸುವುದು ಹೇಗೆ, ಚೌಕಾಸಿ ಹೇಗೆ, ಎದುರಿನವರ ಬಾಯಲ್ಲಿ 'ಹೂಂ' ಅನ್ನಿಸುವುದು ಹೇಗೆ ಎಂದು ಹೇಳಿಕೊಡುವಂಥವು. ಅತಿ ಹೆಚ್ಚು ಹುಷಾರಾಗಿರಬೇಕಾದ್ದು ಇಲ್ಲೇ. ಯಾಕಂದರೆ ಇಲ್ಲಿ ಪಾಠ ಹೇಳುವವರು ಆ ಪಾಠವನ್ನು ನಿಮ್ಮ ಮೇಲೇ ಪ್ರಯೋಗಿಸುತ್ತಿರುತ್ತಾರೆ, ಅದೂ ಕಿವಿಯೊಳಗೆ ಕೂತು. ಚೇಕನ್ ಮತ್ತು ಈಗ್ಲಿ ಎಂಬ ಮನಶ್ಶಾಸ್ತ್ರಜ್ಞರು 1983ರಲ್ಲಿ ತೋರಿಸಿದ್ದು: ಮಾತಾಡುವವರು ಇಷ್ಟವಾದರೆ, ಅದೇ ವಾದ ಬರಹದಲ್ಲಿ ಬಂದಾಗಿನದಕ್ಕಿಂತ ಧ್ವನಿಯಲ್ಲೋ ವಿಡಿಯೋದಲ್ಲೋ ಬಂದಾಗ ಹೆಚ್ಚು ಒಪ್ಪಿಗೆಯಾಗುತ್ತದೆ. ಲೇಖಕರೇ ಓದಿದ ಪುಸ್ತಕ ಯಾಕೆ ಅಷ್ಟು 'ನಿಜ' ಅನ್ನಿಸುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಅದಕ್ಕಿಂತ ಮಜಾ ಇರುವುದು ಪೆಟ್ಟಿ, ವೆಲ್ಸ್, ಬ್ರಾಕ್ ಮೂವರ 1976ರ ಪ್ರಯೋಗದಲ್ಲಿ. ಕಾಲೇಜಿನ ಶುಲ್ಕ ಏರಿಸಬೇಕು ಅನ್ನುವ ವಾದವನ್ನು ವಿದ್ಯಾರ್ಥಿಗಳಿಗೆ ರೆಕಾರ್ಡ್ ಹಾಕಿ ಕೇಳಿಸಿದರು. ಅದೇ ಹೊತ್ತಿಗೆ ಪರದೆಯ ಮೇಲೆ ಅಲ್ಲೊಮ್ಮೆ ಇಲ್ಲೊಮ್ಮೆ ಮಿನುಗುವ ಎಕ್ಸ್ ಗುರುತು ಎಲ್ಲಿ ಬಂತು ಅಂತ ಬರೆದುಕೊಳ್ಳಲು ಹೇಳಿದರು. ವಾದ ಗಟ್ಟಿಯಾಗಿದ್ದಾಗ ಈ ಗಮನಭಂಗದಿಂದ ಒಪ್ಪುವಿಕೆ ಇಳಿಯಿತು. ವಾದ ಜಳ್ಳಾಗಿದ್ದಾಗ ಏರಿತು! ಮನಸ್ಸಿನೊಳಗೆ 'ಅದ್ಹೆಂಗೆ?' ಅಂತ ಎದುರುವಾದ ಹೂಡುವವನಿಗೆ ಬೇರೆ ಕೆಲಸ ಕೊಟ್ಟರೆ, ಗಟ್ಟಿ ಮಾತಿನ ತೂಕವೂ ಅವನಿಗೆ ತಿಳಿಯುವುದಿಲ್ಲ, ಟೊಳ್ಳು ಮಾತಿನ ಟೊಳ್ಳೂ ತಿಳಿಯುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಕ್ಲಚ್ಚು ಬ್ರೇಕು ಒತ್ತುತ್ತಾ ಇಂಥ ಪುಸ್ತಕ ಕೇಳುವವರು ದಿನಾ ಎರಡು ಹೊತ್ತು ಇದೇ ಪ್ರಯೋಗಕ್ಕೆ ಕೂರುತ್ತಿದ್ದಾರೆ. ಒಳ್ಳೆಯ ಪುಸ್ತಕಕ್ಕೆ ಅಲ್ಲಿ ನಷ್ಟ, ಕಳಪೆ ಪುಸ್ತಕಕ್ಕೆ ಲಾಭ. ಇಷ್ಟೆಲ್ಲ ಇರುವಾಗ ನಿಮಗೆ ಚಿಂತೆ ಅದು ಓದಿದ ಲೆಕ್ಕವಾ ಅಂತ.

ಇಂಥ ಪುಸ್ತಕ ಕೇಳಬೇಡಿ ಅನ್ನುತ್ತಿಲ್ಲ. ಸಾಮಾನ್ಯ ವೇಗದಲ್ಲಿ, ವಾಕಿಂಗ್ ಮಾಡುತ್ತಲೋ ಬಟ್ಟೆ ಮಡಚುತ್ತಲೋ ಕೇಳಿ. ಗಾಡಿ ಓಡಿಸುವಾಗ ಜೀವನಚರಿತ್ರೆ ಹಾಕಿಕೊಳ್ಳಿ. "ಹೀಗೆ ಮಾಡಿದರೆ ಜನ ಹಾಗೆ ಮಾಡುತ್ತಾರೆ" ಅನ್ನುವ ಮಾತು ಬಂದಾಗಲೆಲ್ಲ ಬುಕ್‌ಮಾರ್ಕ್ ಒತ್ತಿ, ಅಲ್ಲೇ ನಿಂತು ಟೈಪ್ ಮಾಡಲು ಹೋಗಬೇಡಿ. ಸಂಜೆ ಕೂತು ಒಂದೊಂದನ್ನೂ ತೆರೆದು, ಅದಕ್ಕೆ ಅಂಟಿಸಿದ ಕಥೆಯನ್ನು ಕಿತ್ತುಹಾಕಿ, ಉಳಿದದ್ದನ್ನು ನಿಮ್ಮ ಮಾತಿನಲ್ಲಿ ಒಂದೇ ಸಾಲು ಬರೆಯಿರಿ. ವಿಮಾನದ ಕಥೆ, ಒತ್ತೆಯಾಳಿನ ಕಥೆ, ಲೇಖಕರ ಮಗಳ ಕಥೆ ಎಲ್ಲ ಹೋದಮೇಲೆ ಹಲವು ಸಾಲುಗಳಲ್ಲಿ ಏನೂ ಉಳಿಯುವುದಿಲ್ಲ. ಉಳಿದವುಗಳ ಎದುರು 'ಆಧಾರ?' ಅಂತ ಬರೆದು ಅಚ್ಚಿನ ಪ್ರತಿಯನ್ನೋ ಇಬುಕ್ಕನ್ನೋ ತೆಗೆಯಿರಿ. ಆಡಿಯೋದಲ್ಲಿ ಕೊನೆಟಿಪ್ಪಣಿಗಳನ್ನು ಸಾಮಾನ್ಯವಾಗಿ ಓದುವುದಿಲ್ಲ, "ಒಂದು ಅಧ್ಯಯನದ ಪ್ರಕಾರ" ಅಂದರೆ ಯಾವ ಅಧ್ಯಯನ ಅನ್ನುವುದು ಆ ಟಿಪ್ಪಣಿಗಳಲ್ಲಿ ಮಾತ್ರ ಸಿಗುತ್ತದೆ. ಹುಡುಕುವಾಗ ಆಪ್ ತೋರಿಸುವ ಅಧ್ಯಾಯದ ಸಂಖ್ಯೆ ನಂಬಬೇಡಿ. ಶೀರ್ಷಿಕೆ, ಅರ್ಪಣೆ, ಪೀಠಿಕೆಗಳನ್ನೂ ಬಹಳ ಸಲ ಅದು ಎಣಿಸಿರುತ್ತದೆ, ಹಾಗಾಗಿ ಆಪ್‌ನ ಏಳನೆಯದು ಪುಸ್ತಕದಲ್ಲಿ ನಾಲ್ಕನೆಯದೋ ಐದನೆಯದೋ ಆಗಿರಬಹುದು. ಬುಕ್‌ಮಾರ್ಕಿನ ಜೊತೆ ನಿರೂಪಕರು ಹೇಳಿದ ಅಧ್ಯಾಯದ ಹೆಸರನ್ನೇ ಬರೆದಿಟ್ಟುಕೊಳ್ಳಿ, ಬೇಗ ಸಿಗುತ್ತದೆ.