ನಕ್ಷೆಯ ಅಂಚಿನಲ್ಲಿ ಬರೆದಿಟ್ಟ ಕಾರಣ

ಮಡಿಕೇರಿಯಲ್ಲಿ ಒಂದೇ ಕುಟುಂಬವು ಮೂರು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ವಾಸ್ತುಶಿಲ್ಪ ಕಚೇರಿಯಲ್ಲಿ ನಾನು ನಕ್ಷೆ ಬಿಡಿಸುವ ಕೆಲಸ ಮಾಡುತ್ತಿದ್ದೇನೆ. ಕಾಫಿ ತೋಟದ ಬಂಗಲೆಗಳ ರಿಪೇರಿ ಗುತ್ತಿಗೆಯಿಂದ ಆರಂಭಿಸಿದ ಹಿರಿಯರು, ಸಿವಿಲ್ ಎಂಜಿನಿಯರಿಂಗ್ ಓದಿ ಬಂದ ಅವರ ಮಗ, ಈಗ ಕಚೇರಿಯ ಹೊಣೆ ಹೊತ್ತಿರುವ ಮೊಮ್ಮಗಳು, ಈ ಮೂವರೂ ಬಿಡದೆ ಪಾಲಿಸಿಕೊಂಡು ಬಂದ ಕ್ರಮವೊಂದಿದೆ. ನಕ್ಷೆಯಲ್ಲಿ ಅಳತೆಯ ಪಕ್ಕದಲ್ಲೇ ಆ ಅಳತೆಗೆ ಕಾರಣವನ್ನೂ ಬರೆಯಬೇಕು.

ಹೊಸದಾಗಿ ಸೇರಿದವರನ್ನು ಇಲ್ಲಿ ಮೊದಲು ಕೋಟೆಗೆ ಕಳುಹಿಸುತ್ತಾರೆ. ಕೊಡಗಿನ ಅರಸ ಮುದ್ದುರಾಜನ ಕಾಲದ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ. ಒಳಗಿನ ಅರಮನೆಗೆ ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಹೊಸ ರೂಪ ಕೊಟ್ಟ. ವೀರಭದ್ರ ದೇವಾಲಯವನ್ನು 1855ರಲ್ಲಿ ತೆಗೆದ ಜಾಗದಲ್ಲಿ ಚರ್ಚ್ ಎದ್ದು, ಇಂದು ಅದೇ ವಸ್ತುಸಂಗ್ರಹಾಲಯವಾಗಿದೆ. ಗಡಿಯಾರ ಗೋಪುರವೂ ಕಾರು ನಿಲ್ಲಿಸುವ ಮುಖಮಂಟಪವೂ 1933ರಲ್ಲಿ ಸೇರಿದವು. ಒಂದೇ ಆವರಣದಲ್ಲಿ ಇಷ್ಟು ಕೈಗಳು ಕೆಲಸ ಮಾಡಿರುವಾಗ, ಯಾವ ಭಾಗ ಯಾವ ಕಾಲದ್ದು, ಏತಕ್ಕಾಗಿ ಬಂದದ್ದು ಎಂಬುದನ್ನು ಗುರುತಿಸದೆ ಕಟ್ಟಡವನ್ನು ಮುಟ್ಟಬಾರದು ಎಂಬುದು ನಮ್ಮ ಕಚೇರಿಯ ಮೊದಲ ಪಾಠ. ಆಮೇಲೆ ಓಂಕಾರೇಶ್ವರ ದೇವಾಲಯ: 1820ರ ಆ ಕಟ್ಟಡದ ನಡುಗುಮ್ಮಟ, ಮೂಲೆಗಳ ನಾಲ್ಕು ಮಿನಾರುಗಳನ್ನು ಕೈಯಿಂದಲೇ ಬಿಡಿಸಿ ತರಬೇಕು. ಕ್ಯಾಮೆರಾ ಒಯ್ಯುವಂತಿಲ್ಲ. ಇದು ಸರಿಯಾದ ನಿಯಮವೆಂದೇ ನನ್ನ ಅಭಿಪ್ರಾಯ.

ಈ ಕ್ರಮದ ಬೆಲೆ ನನಗೆ ಚೆನ್ನಾಗಿ ತಿಳಿದದ್ದು ಒಂದು ಐನ್‌ಮನೆಯ, ಅಂದರೆ ಕೊಡವ ಒಕ್ಕದ (ಮನೆತನದ) ಮೂಲಮನೆಯ, ಕೆಲಸದಲ್ಲಿ. ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ ಹಗಲಲ್ಲೂ ಕತ್ತಲೆ ಎಂದು ಆ ಒಕ್ಕದವರು ಕೈಯಾಲೆಯ (ಮುಂಜಗಲಿಯ) ಮುಂದಿನ ಸೂರನ್ನು ಕತ್ತರಿಸಿಕೊಡುವಂತೆ ಕೇಳಿದರು. ಹಿಂದೊಮ್ಮೆ ಆ ಮನೆಯ ಮಾಡು ಬಿಚ್ಚಿ ಕಟ್ಟಿದ್ದ ಹಿರಿಯರ ನಕ್ಷೆ ನಮ್ಮಲ್ಲಿತ್ತು. ಹಳದಿಗಟ್ಟಿದ ಟ್ರೇಸಿಂಗ್ ಕಾಗದದ ಅಂಚಿನಲ್ಲಿ, ಪಕ್ಕಾಸಿನ (ಮಾಡಿನ ಇಳಿಜಾರು ಮರದ) ಉದ್ದದ ಕೆಳಗೆ, ಅವರು ಪೆನ್ಸಿಲಿನಲ್ಲಿ ಹೀಗೆ ಬರೆದಿದ್ದರು: "ಪಡುವಣ ಗಾಳಿಯ ಇರಚಲು ಇಲ್ಲಿಯವರೆಗೆ ಬರುತ್ತದೆ. ಗೋಡೆ ಮಣ್ಣಿನದು." ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಆ ಕಾಗದವನ್ನೇ ಮನೆಯ ಹಿರಿಯರ ಮುಂದೆ ಹರಡಿದೆವು. ಅವರು ಓದಿ, "ನಮ್ಮ ಅಜ್ಜನೂ ಇದನ್ನೇ ಹೇಳುತ್ತಿದ್ದರು" ಎಂದು ಸೂರಿನ ಮಾತನ್ನು ಅಲ್ಲಿಗೇ ಬಿಟ್ಟರು. ನಡುಬಾಡೆಯ ಮೇಲ್ಭಾಗದಲ್ಲಿ ಕೆಲವು ಗಾಜಿನ ಹೆಂಚುಗಳನ್ನು ಕೂರಿಸಿ, ತೂಕುದೀಪ ನೇತಾಡುವ ಜಾಗದವರೆಗೂ ಬೆಳಕು ತಂದೆವು.

ಕುಟುಂಬದ ಸಂಸ್ಥೆಗಳಲ್ಲಿ ಅನುಭವವು ಬಾಯಿಂದ ಬಾಯಿಗೆ ತಾನಾಗಿಯೇ ಹರಿಯುತ್ತದೆ ಎಂದು ಹಲವರು ನಂಬುತ್ತಾರೆ. ನಾನು ಕಂಡಂತೆ, ಮನೆಯವರ ನಡುವೆ ಎಷ್ಟೋ ಸಂಗತಿಗಳು ಗೊತ್ತಿರುವುದೇ ತಾನೆ ಎಂಬ ಭಾವನೆಯಿಂದಲೇ ಮಾತಿಗೆ ಬರದೆ ಉಳಿಯುತ್ತವೆ, ನನ್ನಂತೆ ಹೊರಗಿನಿಂದ ಬಂದವರಿಗಂತೂ ತಲುಪುವುದೇ ಇಲ್ಲ. ಸದ್ಯ ಆ ಮೊಮ್ಮಗಳು, ನಮ್ಮ ಮೇಡಂ, ಹಳೆಯ ನಕ್ಷೆಗಳನ್ನೆಲ್ಲ ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಕಾರಣ ಬರೆಯದೆ ಉಳಿದಿರುವ ಹಾಳೆಗಳನ್ನು ನಾನು ಬೇರೆಯಾಗಿ ತೆಗೆದಿಟ್ಟು, ಆ ಕೆಲಸಗಳಲ್ಲಿದ್ದ ಹಿರಿಯ ಬಡಗಿಗಳ ಮನೆಗೆ ಒಯ್ದು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಅಂಚಿಗೆ ಬರೆದು ಸೇರಿಸುತ್ತಿದ್ದೇನೆ.