ಹನ್ನೆರಡಲ್ಲ, ಹತ್ತು

ಐವತ್ತು ತುಂಬಿದ ವರ್ಷ ಭಾವನಿಗೆ ಹಳೇ ಅಮೆರಿಕನ್ ಕಾರಿನ ಹುಚ್ಚು ಹತ್ತಿತು. ಅದೂ ಎಂಥದ್ದು? 1969ರ ಶೆವರ್ಲೆ ಕಮಾರೊ, ಎಸ್ಎಸ್ 396. ಎಸ್ಎಸ್ ಅಂದರೆ ಸೂಪರ್ ಸ್ಪೋರ್ಟ್, ಕಮಾರೊದ ಜೋರಿನ ಮಾದರಿ; 396 ಅಂದರೆ ಘನ ಇಂಚಿನಲ್ಲಿ ಎಂಜಿನ್ನಿನ ಅಳತೆ. ಆರೂವರೆ ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್ನಿನದು. ಒಹಾಯೊದ ಡೇಟನ್ ಹತ್ತಿರದ ಊರಲ್ಲಿ ಒಂದು ಮಾರಾಟಕ್ಕಿದೆ, ಕೇಸರಿ ಬಣ್ಣ, 52 ಸಾವಿರ ಡಾಲರ್ ಎಂದು ರಾತ್ರಿ ಹನ್ನೊಂದಕ್ಕೆ ಫೋಟೊ ಕಳಿಸಿದರು.

"ನಾಳೆ ನೀನೂ ಬಾರೋ. ಚೆಕ್ ಬುಕ್ ಇಟ್ಕೊಂಡಿದೀನಿ."

"ಚೆಕ್ ಬುಕ್ ಮನೇಲೇ ಇರ್ಲಿ ಭಾವ. ಟಾರ್ಚು, ಪೆನ್ಸಿಲ್ಲು, ಬಿಳಿ ಹಾಳೆ ತಗೊಳ್ಳಿ."

ಪೆನ್ಸಿಲ್ ಯಾಕೆ ಅಂತ ಅವರು ಕೇಳಲಿಲ್ಲ. ಹಾಸನದ ಆರ್‌ಟಿಒಗೆ ಅಲೆದವರು. ಚಾಸಿ ನಂಬರ್ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜುವುದು ಅವರಿಗೆ ಹೊಸದೇನಲ್ಲ.

ಮಾರುವವರು ಎಪ್ಪತ್ತು ದಾಟಿದ ಅಜ್ಜ. ಗ್ಯಾರೇಜಿನ ಬಾಗಿಲು ಮೇಲೆತ್ತಿದರು. ಕಾರು ಫಳಫಳ ಹೊಳೆಯುತ್ತಿತ್ತು. ಮುಂದೆ ಎಸ್ಎಸ್, ಹಿಂದೆ ಎಸ್ಎಸ್, ಪಕ್ಕದಲ್ಲಿ 396. ಭಾವ ಆಗಲೇ ಮನಸ್ಸಿನಲ್ಲೇ ಓಡಿಸಲು ಶುರುಮಾಡಿದ್ದರು. ಈ ಲಾಂಛನಗಳು ಅಂಗಡಿಯಲ್ಲಿ ಹೊಸದಾಗಿಯೇ ಸಿಗುತ್ತವೆ ಎಂದು ಆಗ ಹೇಳುವ ಧೈರ್ಯ ನನಗಾಗಲಿಲ್ಲ.

ಮೊದಲು ವಿಐಎನ್, ಅಂದರೆ ಕಾರಿನ ಗುರುತಿನ ನಂಬರು ನೋಡಿದೆವು. 1968ರಿಂದ ಅದು ಡ್ಯಾಶ್‌ಬೋರ್ಡಿನ ಮೇಲಿರುತ್ತದೆ, ಗಾಜಿನ ಹೊರಗಿನಿಂದಲೇ ಕಾಣುತ್ತದೆ. 124379ಎನ್ ಎಂದು ಶುರು. ಮೂರನೇ ಅಂಕಿ 4 ಇದ್ದರೆ ವಿ8, 3 ಇದ್ದರೆ ಆರು ಸಿಲಿಂಡರು. 37 ಅಂದರೆ ಕೂಪೆ, 9 ಅಂದರೆ 1969. ಎನ್ ಅಂದರೆ ನಾರ್ವುಡ್. 1987ರಲ್ಲಿ ಮುಚ್ಚಿದ ಆ ಕಾರ್ಖಾನೆ ಇದ್ದದ್ದು ನಮ್ಮ ಸಿನ್ಸಿನಾಟಿಯ ಮಗ್ಗುಲಲ್ಲೇ! "ನಮ್ಮೂರಿನ ಕಾರೇ ಇದು" ಎಂದು ಭಾವ ಹಿಗ್ಗಿದರು. ತಗಡಿನ ಎರಡೂ ತುದಿಗೆ ಆರು ಎಸಳಿನ ಹೂವಿನಂಥ ರಿವೆಟ್. ಅದೂ ಸರಿಯಾಗಿತ್ತು. ಆದರೆ 1969ರ ಕಮಾರೊದಲ್ಲಿ ಈ ನಂಬರು ಎಸ್ಎಸ್ ಹೌದೋ ಅಲ್ಲವೋ ಎಂದು ಹೇಳುವುದೇ ಇಲ್ಲ. ವಿ8 ಎನ್ನುವಲ್ಲಿಗೆ ಅದರ ಮಾತು ಮುಗಿಯಿತು.

ಬಾನೆಟ್ ಎತ್ತಿಸಿದೆ. ಎಂಜಿನ್ನಿನ ಹಿಂದಿನ ತಗಡುಗೋಡೆಯ ಮೇಲೆ ಚಿಕ್ಕ ಪಟ್ಟಿಯೊಂದಿರುತ್ತದೆ, ಟ್ರಿಮ್ ಟ್ಯಾಗ್. ಟಾರ್ಚ್ ಬಿಟ್ಟೆ. 02ಸಿ, ಅಂದರೆ ಫೆಬ್ರುವರಿ ಮೂರನೇ ವಾರ ಕಟ್ಟಿದ ಬಾಡಿ. ಬಣ್ಣ 57 57. ಅದು ಫ್ಯಾದಮ್ ಗ್ರೀನ್, ಕಡು ಹಸಿರು. ಡಿಕ್ಕಿಯ ಚಾಪೆ ಎತ್ತಿ ನೋಡಿದರೆ ಮೂಲೆಯಲ್ಲಿ ಹಸಿರು ಹಾಗೇ ಉಳಿದಿತ್ತು. ಬಣ್ಣ ಬದಲಾದರೆ ಆಗಲಿ ಬಿಡಿ. ಚುಚ್ಚಿದ್ದು ಅದರ ಪಕ್ಕದ ಕೋಡು: ಎಕ್ಸ್44.

1968ರ ಡಿಸೆಂಬರ್ ಸುಮಾರಿನಿಂದ ನಾರ್ವುಡ್‌ನವರು ಟ್ಯಾಗಿನ ಮೇಲೆ ಈ ಎಕ್ಸ್ ಕೋಡ್ ಒತ್ತುತ್ತಿದ್ದರು. ಎಸ್ಎಸ್ 396 ಆಗಿದ್ದರೆ ಎಕ್ಸ್22 ಅಥವಾ ಎಕ್ಸ್66 ಇರಬೇಕಿತ್ತು. ಎಕ್ಸ್44 ಅಂದರೆ ಏನೂ ವಿಶೇಷವಿಲ್ಲದ ಸಾದಾ ಕಾರು.

ನಾನು ಬಾಯಿ ಬಿಡಲಿಲ್ಲ. ಟ್ಯಾಗ್ ಕೂಡ ನಕಲಿ ಮಾಡುತ್ತಾರೆ. ಆದರೆ ಸಾದಾ ಕಾರಿನ ಟ್ಯಾಗನ್ನು ಯಾರು ನಕಲಿ ಮಾಡುತ್ತಾರೆ, ಅಲ್ವಾ?

"ಭಾವ, ಒಂದು ಕೆಲಸ ಮಾಡಿ. ಹಿಂದೆ ಬಗ್ಗಿ ಡಿಫರೆನ್ಷಿಯಲ್ ಮುಚ್ಚಳದ ಬೋಲ್ಟ್ ಎಣಿಸಿ. ಎಸ್ಎಸ್ 396 ಆದ್ರೆ ಹನ್ನೆರಡು ಇರ್ಬೇಕು."

ಅವರು ನೆಲಕ್ಕೆ ರಟ್ಟು ಹಾಸಿ ಮಲಗಿದರು. ನಾನು ಎಂಜಿನ್ನಿನ ಬಲಗಡೆ ಮುಂಭಾಗದ ಚಪ್ಪಟೆ ಜಾಗ ಒರೆಸಿ, ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದೆ. ಮೆಲ್ಲಗೆ ಅಂಕಿಗಳು ಮೂಡಿದವು. ಈ ಕಾರಿನದೇ ಎಂಜಿನ್ ಆಗಿದ್ದರೆ 19ಎನ್ ಎಂದು ಶುರುವಾಗಿ, ಮುಂದಕ್ಕೆ ವಿಐಎನ್ನಿನ ಕೊನೆಯ ಆರು ಅಂಕಿ ಬರಬೇಕು. ಬಂದದ್ದು 18ಕೆ. 1968ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಕಟ್ಟಿದ ಬೇರೆ ಯಾವುದೋ ಕಾರಿನ ಎಂಜಿನ್ನು. 396 ಅನ್ನುವುದೇನೋ ನಿಜ. ಇದರ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ, ಅಷ್ಟೆ.

ಕಾರಿನ ಕೆಳಗಿನಿಂದ ದನಿ ಬಂತು. "ಹತ್ತೇ ಇದೆಯಲ್ಲೋ."

"ಪಟ್ಟಿ ಸ್ಪ್ರಿಂಗು?"

"ಒಂದೇ ಪಟ್ಟಿ."

396 ಹಾಕಿದ ಎಸ್ಎಸ್ ಆಗಿದ್ದರೆ ಲಾರಿಯ ಹಾಗೆ ಪಟ್ಟಿಯ ಮೇಲೆ ಪಟ್ಟಿ ಇರುತ್ತಿತ್ತು.

ಇನ್ನು ಉಳಿದದ್ದು ಕಾಗದ. ಅಮೆರಿಕದಲ್ಲಿ ಮಾರಿದ ಕಮಾರೊಗಳ ಒಂದೊಂದು ಕಾರಿನ ಲೆಕ್ಕ ಕಂಪನಿಯಲ್ಲಿ ಉಳಿದಿಲ್ಲ; ಕೆನಡಾದಲ್ಲಿ ಮಾರಿದವಕ್ಕೆ ಮಾತ್ರ ಸಿಗುತ್ತದೆ. ಹಾಗಾಗಿ ಕಾರಿಗೆ ಏನೇನು ಹಾಕಬೇಕೆಂದು ಕಾರ್ಖಾನೆಯಲ್ಲಿ ಬರೆದ ಬಿಲ್ಡ್ ಶೀಟೋ, ವಾರಂಟಿ ಪುಸ್ತಕಕ್ಕೆ ಅಂಟಿಸಿ ಕೊಡುತ್ತಿದ್ದ ಪುಟ್ಟ ಲೋಹದ ತಗಡೋ ಇದ್ದರೆ ಅದೇ ಚಿನ್ನ. ಇದೆಯಾ ಎಂದು ಅಜ್ಜನನ್ನು ಕೇಳಿದೆ. ಇಲ್ಲ ಎಂದರು. ಹನ್ನೊಂದು ವರ್ಷದ ಹಿಂದೆ ಎಸ್ಎಸ್ ಅಂತಲೇ ನಂಬಿ, ಎಸ್ಎಸ್ ಬೆಲೆಯನ್ನೇ ಕೊಟ್ಟು ಕೊಂಡಿದ್ದರಂತೆ.

ಮೋಸಗಾರ ಸಿಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು. ಇವರಿಗೆ ಹೇಗೆ ಹೇಳುವುದು? ಪೆನ್ಸಿಲ್ ಉಜ್ಜಿದ ಹಾಳೆಯನ್ನು ಕೈಗಿಟ್ಟು, ವಿಐಎನ್ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಹೋಲಿಸಿದರು. ಇನ್ನೊಮ್ಮೆ ಹೋಲಿಸಿದರು. ಆಮೇಲೆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ಸುಮ್ನೆ ಒಂದು ಸಲ ಕಾರು ಸ್ಟಾರ್ಟ್ ಮಾಡಿ ತೋರಿಸಿದರು. ಗ್ಯಾರೇಜಿನ ತಗಡೆಲ್ಲ ನಡುಗಿತು. ಎಂಥಾ ಸದ್ದು ಮಾರಾಯ್ರೆ!

ವಾಪಸು ಬರುವಾಗ ಭಾವ ಮಾತೇ ಆಡಲಿಲ್ಲ. ಶರ್ಟಿನ ಬೆನ್ನಿಗೆ ಗ್ರೀಸ್ ಮೆತ್ತಿತ್ತು, ಅಕ್ಕನಿಗೆ ಏನು ಹೇಳುವುದೆಂದು ನಾನು ಯೋಚಿಸುತ್ತಿದ್ದೆ. ಮನೆ ಇನ್ನೇನು ಬಂತು ಅನ್ನುವಾಗ ಕೇಳಿದರು:

"ಆ ಬೋಲ್ಟು ಇನ್ನೊಂದ್ಸಲ ಎಣಿಸ್ಬೇಕಿತ್ತೇನೋ, ಅಲ್ವಾ?"