ಕಲ್ಲಿದ್ದಲಿನ ಪಾದರಸ ಮತ್ತು ಶರಾವತಿ ಹಿನ್ನೀರಿನ ಮೀನು

ರಾಜ್ಯದ ಕಲ್ಲಿದ್ದಲು ಉರಿಯುವುದು ರಾಯಚೂರು, ಬಳ್ಳಾರಿ, ವಿಜಯಪುರ, ಉಡುಪಿ ಜಿಲ್ಲೆಗಳಲ್ಲಿ. ಮಲೆನಾಡಿನದು ನೀರಿನ ಕರೆಂಟು. ಆದರೂ ಕಲ್ಲಿದ್ದಲು ಉರಿದಾಗ ಹೊರಬರುವ ಪಾದರಸದ ಲೆಕ್ಕದಿಂದ ನಾವು ಹೊರಗಿಲ್ಲ.

ಚಿಮಣಿಯಲ್ಲಿ ಅದು ಮೂರು ರೂಪದಲ್ಲಿರುತ್ತದೆ. ಬೂದಿಗೆ ಅಂಟಿದ್ದನ್ನು ಬೂದಿ ಹಿಡಿಯುವ ಇಎಸ್‌ಪಿಯೇ ಹಿಡಿಯುತ್ತದೆ. ಕ್ಲೋರಿನ್ ಜೊತೆ ಕೂಡಿದ್ದು ನೀರಿನಲ್ಲಿ ಕರಗುವುದರಿಂದ, ಗಂಧಕ ತೊಳೆಯುವ ಎಫ್‌ಜಿಡಿಯಲ್ಲಿ ಸಿಗುತ್ತದೆ; ಎಫ್‌ಜಿಡಿ ಇಲ್ಲದ ಕಡೆ ಮಳೆಯೊಂದಿಗೆ ಸುತ್ತಲಿನ ನೆಲಕ್ಕಿಳಿಯುತ್ತದೆ. ಶುದ್ಧ ಪಾದರಸದ ಆವಿ ಮಾತ್ರ ಎರಡನ್ನೂ ದಾಟಿ ತಿಂಗಳುಗಟ್ಟಲೆ ಗಾಳಿಯಲ್ಲಿರುತ್ತದೆ. ಅದನ್ನು ಹಿಡಿಯಲು ಹೊಗೆಯೊಳಗೆ ಸಕ್ರಿಯ ಇಂಗಾಲದ ಪುಡಿ ಊದಬೇಕು. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ತಂದ ಮಿತಿ ಘನ ಮೀಟರ್‌ಗೆ 0.03 ಮಿಲಿಗ್ರಾಂ.

ಈ ಆವಿಯನ್ನು ಕಾಡಿನ ಎಲೆಗಳು ಹೀರಿಕೊಳ್ಳುತ್ತವೆ. ದರಗು ಉದುರಿದಾಗ ಅದು ಮಣ್ಣಿಗೆ, ಮಳೆಗಾಲದಲ್ಲಿ ಹಳ್ಳಕ್ಕೆ, ಹಿನ್ನೀರಿಗೆ. ಅಪಾಯ ಶುರುವಾಗುವುದು ಅಲ್ಲಿ: ಆಮ್ಲಜನಕವಿಲ್ಲದ ತಳದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮಿಥೈಲ್ ಪಾದರಸವಾಗಿಸುತ್ತವೆ. ಹೊಸದಾಗಿ ಮುಳುಗಿದ ನೆಲದಲ್ಲಿ ಇದು ಅತಿ ಜೋರು. ಶರಾವತಿಗೆ ಕಟ್ಟಿದ 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಮೊದಲ ಘಟ್ಟ ಮುಗಿದಿರಬೇಕು. ಆದರೆ ಬೇಸಿಗೆಯಲ್ಲಿ ನೀರಿಳಿದ ಅಂಚಿನಲ್ಲಿ ಹುಲ್ಲು ಚಿಗುರಿ, ಮಳೆಗಾಲಕ್ಕೆ ಮತ್ತೆ ಮುಳುಗಿ ಕೊಳೆಯುತ್ತದಲ್ಲ, ಆ ಬ್ಯಾಕ್ಟೀರಿಯಾಗಳಿಗೆ ಅದು ಪ್ರತಿ ವರ್ಷದ ಹೊಸ ಆಹಾರ. ಇಲ್ಲಿನ ಮೀನನ್ನು ನಿಯಮಿತವಾಗಿ ಪರೀಕ್ಷಿಸಬೇಕೆಂದು ನಾನು ಒತ್ತಾಯಿಸುವುದು ಇದಕ್ಕೇ.

ಪಾಚಿಯಿಂದ ಚಿಕ್ಕ ಮೀನಿಗೆ, ಅದರಿಂದ ಕೊರವದಂಥ ಬೇಟೆಮೀನಿಗೆ ಹೋಗುವಾಗ ಪ್ರಮಾಣ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. ಅದು ಕೂರುವುದು ಕೊಬ್ಬಿನಲ್ಲಲ್ಲ, ಮಾಂಸದ ಪ್ರೋಟೀನಿನಲ್ಲಿ. ಚರ್ಮ ಸುಲಿದರೂ ಹುಳಿ ಹಾಕಿ ಕುದಿಸಿದರೂ ಹೋಗದು. ಹುರಿದರೆ ನೀರು ಆರಿ, ಗ್ರಾಂ ಲೆಕ್ಕದಲ್ಲಿ ಇನ್ನಷ್ಟು ಸಾಂದ್ರವಾಗುತ್ತದೆ.

ಮಿಥೈಲ್ ಪಾದರಸಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆಯ (ಎಫ್‌ಎಒ) ಜಂಟಿ ತಜ್ಞ ಸಮಿತಿಯ ಮಿತಿ ವಾರಕ್ಕೆ ದೇಹತೂಕದ ಕಿಲೋಗೆ 1.6 ಮೈಕ್ರೋಗ್ರಾಂ. 50 ಕಿಲೋ ತೂಕದ ಹೆಂಗಸಿಗೆ 80 ಮೈಕ್ರೋಗ್ರಾಂ. ಕಿಲೋಗೆ 0.5 ಮಿಲಿಗ್ರಾಂ ಇರುವ ಮೀನಾದರೆ 160 ಗ್ರಾಂಗೇ ವಾರದ ಪಾಲು ಮುಗಿಯಿತು, 0.05 ಇದ್ದರೆ 1.6 ಕಿಲೋ ತಿನ್ನಬಹುದು. ಮೀನು ಬಿಡಿ ಎಂದು ಯಾರಿಗೂ ಹೇಳಲಾರೆ, ಬಸುರಿಯರಿಗಂತೂ ಅದರ ಪೋಷಣೆ ಬೇಕೇ ಬೇಕು. ಘಟ್ಟ ಹತ್ತಿ ಬರುವ ಭೂತಾಯಿ, ಬಂಗುಡೆ ಒಳ್ಳೆಯ ಆಯ್ಕೆ. ಶಾರ್ಕ್ ಬೇಡ, ದೊಡ್ಡ ಅಂಜಲ್ ಅಪರೂಪಕ್ಕಿರಲಿ. ಮಿಥೈಲ್ ಪಾದರಸ ಗರ್ಭದ ಮಗುವಿನ ಮಿದುಳಿಗೆ ಹೋಗುತ್ತದೆ, ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಹಾಗಾಗಿ ಎಚ್ಚರಿಕೆ ಬಸುರಾಗುವ ಕೆಲವು ತಿಂಗಳ ಮುಂಚೆಯೇ ಬೇಕು.

ಮೀನನ್ನು ಪರೀಕ್ಷೆಗೆ ಕಳಿಸುವವರು ಬೆನ್ನಿನ ಮಾಂಸ ತೆಗೆದು, ಜಾತಿ, ಉದ್ದ, ತೂಕ, ಹಿಡಿದ ಜಾಗ ಬರೆದು ಫ್ರೀಜ್ ಮಾಡಬೇಕು. ಉದ್ದ ಗೊತ್ತಿಲ್ಲದ ಮೀನುಗಳನ್ನು ಹೋಲಿಸಿ ಫಲವಿಲ್ಲ. ವರದಿ ಹಸಿ ತೂಕಕ್ಕೋ ಒಣ ತೂಕಕ್ಕೋ ಎಂದು ಕೇಳಲೇಬೇಕು, ಒಣ ತೂಕದ ಅಂಕಿ ನಾಲ್ಕೈದು ಪಟ್ಟು ಹೆಚ್ಚಿರುತ್ತದೆ. ಮನುಷ್ಯರಿಗಾದರೆ ಕೂದಲು ಅಥವಾ ರಕ್ತದ ಪರೀಕ್ಷೆ. ಮೀನಿನಿಂದ ಬಂದ ಪಾದರಸವನ್ನು ಮೂತ್ರ ಪರೀಕ್ಷೆ ಸರಿಯಾಗಿ ತೋರಿಸುವುದಿಲ್ಲ.